ನಾನು ಓದಿದೆನೆಂದ ಪುಟಗಳು

ಹೋದ ತಿಂಗಳು ಸೊಲ್ಲಾಪುರದ ಅಂಗಡಿಯಲ್ಲಿ ನನ್ನ ಹಳೆಯ ಡ್ರಾಯರ್ ಖಾಲಿ ಮಾಡುತ್ತಿದ್ದೆ. ತುಕ್ಕು ಹಿಡಿದ ಸ್ಕ್ರೂಗಳ ಅಡಿಯಲ್ಲಿ ನಾಲ್ಕು ಮಡಿಕೆಯ ಒಂದು ಹಾಳೆ ಸಿಕ್ಕಿತು. ಕಂಪ್ಯೂಟರಿನ ಪ್ರೊಸೆಸರಿಗೆ ಹಚ್ಚುವ ಬೂದು ಪೇಸ್ಟನ್ನು ನಾನೇ ಅದಕ್ಕೆ ಒರೆಸಿದ್ದೆ. ಮೂಲೆಯಲ್ಲಿ ಯಾವುದೋ ಗಿರಾಕಿಯ ಹೆಸರು, ಮರಾಠಿಯಲ್ಲಿ, ನನ್ನದೇ ಅಕ್ಷರ. ತಿರುವಿದರೆ ಆಚೆ ಕಡೆ ಕನ್ನಡದಲ್ಲಿ ಟೈಪಾದ ಸಾಲುಗಳು, ಮೇಲೆ ಪುಟಸಂಖ್ಯೆ ನಲವತ್ತೊಂದು. ಅಕ್ಕಲಕೋಟೆಯ ನಮ್ಮ ಪಕ್ಕದ ಮನೆಯ ಕಾಕಾ ನೆನಪಾದರು...

ಕಾಕಾ ಸರಕಾರಿ ಕಚೇರಿಯೊಂದರಲ್ಲಿ ಮರಾಠಿ ಟೈಪಿಸ್ಟ್ ಆಗಿದ್ದವರು. ಹುಟ್ಟಿದ್ದು ಚಪಳಗಾಂವದಲ್ಲಿ, ಊರ ಹೊರಗಿನ ಕೇರಿಯಲ್ಲಿ. ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಸಾಲೆ. ನಿವೃತ್ತರಾದ ಮೇಲೆ ಒಂದು ಹಳೆಯ ಕಂಪ್ಯೂಟರ್ ಕೊಂಡು ತಾಯಿಯ ಮಾತನ್ನು ಟೈಪ್ ಮಾಡತೊಡಗಿದರು. ಓದು ಬರಹವಿಲ್ಲದ ಆ ಅಜ್ಜಿ ಕಲ್ಲು ಹೊತ್ತು ಮಗನನ್ನು ಓದಿಸಿದವಳು. ಬಾಜಿನ, ಅಂದರೆ ಹಗ್ಗದ ಮಂಚದ, ಮೇಲೆ ಕೂತು ಅವಳು ಹೇಳುವಳು, ಅವಳು ಹೇಳಿದ ಹಾಗೆಯೇ ಕಾಕಾ ಕೀಲಿ ಒತ್ತುವರು. ನಾಲ್ಕು ವರ್ಷ ಹಾಗೆ ನಡೆಯಿತು. ಆಮೇಲೆ ಅಜ್ಜಿಗೆ ಲಕ್ವಾ ಹೊಡೆದು ಬಾಯಿ ನಿಂತಿತು. ಹೇಳಿದ್ದಷ್ಟೇ ಉಳಿಯಿತು, ಅದೂ ಆ ಕಂಪ್ಯೂಟರ್ ಡಬ್ಬಿಯಲ್ಲಿ.

ಕನ್ನಡ ಓದಲು ಬರುತ್ತದೆಯೇ ಎಂದು ಕಾಕಾ ಒಮ್ಮೆ ಕೇಳಿದ್ದರು. ಮನೆಯಲ್ಲಿ ಆಡುವುದು ಕನ್ನಡವೇ, ಆದರೆ ನಾನು ಕಲಿತದ್ದೆಲ್ಲ ಮರಾಠಿ. ಕನ್ನಡದ ಒಂದಕ್ಷರ ಗುರುತಿರಲಿಲ್ಲ. ಬರುತ್ತದೆ ಎಂದೆ. ಸೊಲ್ಲಾಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು ಬರುವುದಿಲ್ಲ ಅನ್ನುವುದು ಹೇಗೆ? ಅಂದಿನಿಂದ ಅವರು ಪ್ರಿಂಟು ತೆಗೆದ ಪುಟಗಳನ್ನು ತಂದು ಕೊಡತೊಡಗಿದರು. ಎರಡು ದಿನ ಬಿಟ್ಟು "ಭಾಳ ಛಂದ ಬರದೀರಿ ಕಾಕಾ" ಎನ್ನುತ್ತಿದ್ದೆ. ಅವರ ಮುಖ ಅರಳುತ್ತಿತ್ತು. ಹಾಳೆಗಳು ಅಂಗಡಿಯಲ್ಲಿ ಒರೆಸಲು, ಗೀಚಲು ರದ್ದಿಯಾಗಿ ಬರುತ್ತಿದ್ದವು.

ಅವರ ಟೈಪಿಂಗ್ ಸಾಫ್ಟ್‌ವೇರ್ ಹಳೆಯ ವಿಂಡೋಸಿನಲ್ಲಿ ಮಾತ್ರ ಓಡುತ್ತಿತ್ತು. ಅದರಲ್ಲಿ ಪಿಂಚಣಿಯ ಪುಟ ತೆರೆಯುತ್ತಿರಲಿಲ್ಲ. ಹಳೆಯದನ್ನು ಹಾಗೇ ಇಟ್ಟು ಪಕ್ಕದಲ್ಲಿ ಲಿನಕ್ಸ್ ಎಂಬ ಹೊಸ ವ್ಯವಸ್ಥೆ ಕೂಡಿಸುತ್ತೇನೆ, ಚಾಲು ಮಾಡಿದಾಗ ಯಾವುದು ಬೇಕೆಂದು ಅದೇ ಕೇಳುತ್ತದೆ ಎಂದೆ. ಕಾಕಾ ನಕ್ಕರು. ತಾನೂ ಕಚೇರಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ, ಡಬ್ಬಿಯೂ ತನ್ನ ಹಾಗೇ ಆಯಿತು ಎಂದರು.

ಅಂಗಡಿಗೆ ರಜೆಯಿದ್ದ ಸೋಮವಾರ, ಅಜ್ಜಿಯನ್ನು ಸೊಲ್ಲಾಪುರದ ಆಸ್ಪತ್ರೆಗೆ ಕರೆದೊಯ್ಯುವ ಗಡಿಬಿಡಿಯಲ್ಲಿ ಕೀಲಿಕೈ ಕೊಟ್ಟು ಹೇಳಿದರು: "ಎಲ್ಲಾ ಬರದು ಡಬ್ಬಿಗಿ ಹಚ್ಚೀನಿ. ಓದಿ, ಆಮ್ಯಾಲ ಕೈ ಹಚ್ಚು."

"ಆತ್ರಿ ಕಾಕಾ" ಎಂದೆ.

ಕ್ಯಾಬಿನೆಟ್ಟಿನ ಮೇಲೆ ದುಂಡಗಿನ ಕನ್ನಡದಲ್ಲಿ ಮೂರು ಸಾಲಿನ ಚೀಟಿ ಅಂಟಿಸಿದ್ದರು. ಒಂದು ಫೋನು ಮಾಡಿ ಕೇಳಬಹುದಿತ್ತು. ಕೇಳಿದರೆ ಇಷ್ಟು ದಿನದ ಸುಳ್ಳು ಬಯಲಾಗುತ್ತಿತ್ತು. ನಮ್ಮ ಅಂಗಡಿಯ ಪದ್ಧತಿಯೆಂದರೆ ವಿಂಡೋಸ್ ಇರುವ ಸಿ ಡ್ರೈವ್ ಮುಟ್ಟುವುದಿಲ್ಲ, ಡಿ ಡ್ರೈವ್ ಅಳಿಸಿ ಆ ಜಾಗದಲ್ಲಿ ಹೊಸದನ್ನು ಕೂಡಿಸುವುದು. ಗಿರಾಕಿಗಳ ಡಿ ಡ್ರೈವಿನಲ್ಲಿ ಸಿನಿಮಾ ಬಿಟ್ಟು ಏನಿರುತ್ತದೆ? ಅಳಿಸಿದೆ. ಚಹಾ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಚಾಲು ಮಾಡಿದರೆ ಎರಡು ಹೆಸರು ನೀಟಾಗಿ ಬಂದವು.

ಸಂಜೆ ಕಾಕಾ ಹುಡುಕಿದರು, ಅಜ್ಜಿಯ ಮಾತೆಲ್ಲ ಇಟ್ಟಿದ್ದ ಡಿ ಇರಲಿಲ್ಲ. ಡಬ್ಬಿಯನ್ನು ಅಂಗಡಿಗೆ ಒಯ್ದು ನಾನೂ ಎಂಟು ದಿನ ಹೆಣಗಿದೆ. ಫೈಲುಗಳ ಹೆಸರು ಬಂದವು, ಒಳಗೆ ಏನೂ ಬರಲಿಲ್ಲ. ಡಿಸ್ಕ್ ಮೊದಲೇ ಕೆಟ್ಟಿತ್ತು ಎಂದು ಹೇಳಿದೆ. ನಂಬಿದರು. ಕೊಟ್ಟ ಹಾಳೆಗಳಾದರೂ ಇವೆಯೇ ಎಂದು ಕೇಳಿದರು. ಸುಣ್ಣ ಹಚ್ಚುವಾಗ ಕಳೆದವು ಎಂದೆ. ಅದನ್ನೂ ನಂಬಿದರು.

ಮರುದಿನ ಕರೆದು ಎದುರಿಗೆ ಕೂಡಿಸಿಕೊಂಡರು. ತೊಡೆಯ ಮೇಲೆ ಹೊಸ ನೋಟ್‌ಬುಕ್ಕು, ಕೈಯಲ್ಲಿ ಪೆನ್ನು.

"ಆಗಿದ್ದು ನನಗ ನೆನಪೈತಿ, ಅಕೀ ಮಾತು ನೆನಪಿಲ್ಲ. ನೀ ಓದೀಯಲ್ಲ, ನೆನಪಿದ್ದಷ್ಟು ಹೇಳು. ಬಾವೀದು ಹೇಳು."

ಬಾಜಿನ ಮೇಲಿಂದ ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ನಾನು ತಲೆ ಕೆರೆದುಕೊಂಡೆ. ನೆನಪು ಮಾಡಿಕೊಳ್ಳುವವನ ಹಾಗೆ ಕಣ್ಣನ್ನೂ ಮುಚ್ಚಿದೆ, ಅಷ್ಟು ನಾಚಿಕೆಗೇಡಿ ನಾನು. ಕೊನೆಗೆ ಏನೂ ನೆನಪಿಗೆ ಬರುತ್ತಿಲ್ಲ ಎಂದೆ.

ಕಾಕಾ ಪೆನ್ನಿನ ಟೋಪಿ ಹಾಕಿದರು. "ಒಂದರೆ ಮಾತು ನೆನಪುಳಿದಿಲ್ಲಂದ್ರ, ನಾನೇ ನೆಟ್ಟಗ ಬರದಿಲ್ಲ ಬಿಡು."

ಆ ಡಬ್ಬಿಯನ್ನು ಅವರು ಮತ್ತೆ ಚಾಲು ಮಾಡಲಿಲ್ಲ. ಅದೇ ವರ್ಷ ಅಜ್ಜಿ ಹೋದಳು, ಮರುವರ್ಷ ಕಾಕಾ... ಅವರಿಗೆ ನಿಜ ಹೇಳಲು ನನಗೆ ಅಷ್ಟೂ ಸಮಯವಿತ್ತು. ಹೇಳಲಿಲ್ಲ. ಅವರು ಹೋದ ಮೇಲೆ ಒಂದನೆಯ ಇಯತ್ತೆಯ ಪುಸ್ತಕ ತಂದು ಕನ್ನಡ ಕಲಿತೆ. ಈಗ ಇಷ್ಟು ಬರೆಯುತ್ತೇನೆ. ಅದರಿಂದ ಯಾರಿಗೆ ಏನು ಉಪಯೋಗ?

ಡ್ರಾಯರಿನ ಆ ಹಾಳೆಯನ್ನು ಅಲ್ಲೇ ನಿಂತು ಓದಿದೆ. ಪೇಸ್ಟಿನ ಕೆಳಗೆ ಕೊನೆಯ ಸಾಲುಗಳು ಹೀಗಿದ್ದವು: "ನನ್ನ ತಮ್ಮಗ ಜ್ವರಾ ಬಂದಿತ್ತು. ನಮ್ಮವ್ವ ಬಾವಿ ಕೆಳಗ ಕೊಡಾ ಇಟ್ಟು ನಿಂತಿದ್ಳು. ನಾವು ನೀರು ಸೇದಂಗಿರಲಿಲ್ಲ, ಯಾರರೆ ಹಾಕಬೇಕು. ಹೊತ್ತು ನೆತ್ತಿಗಿ ಬಂದ ಮ್ಯಾಲ ಒಬ್ಬಾಕಿ ಬಂದ್ಳು. ನಮ್ಮವ್ವನ ಮಾರಿ ನೋಡಿ..."

ಪುಟ ಅಲ್ಲಿಗೆ ಮುಗಿದಿತ್ತು. ಡ್ರಾಯರ್ ಪೂರ್ತಿ ಬೋರಲು ಹಾಕಿ ಹುಡುಕಿದೆ, ಬೇರೆ ಹಾಳೆ ಇರಲಿಲ್ಲ. ನಲವತ್ತೆರಡನೆಯದನ್ನೂ ಕಾಕಾ ನನಗೆ ಕೊಟ್ಟಿರಲೇಬೇಕು. ಭಾಳ ಛಂದ ಬರದೀರಿ ಎಂದು ನಾನು ಹೇಳಿರಲೇಬೇಕು.