ಕೊನೆಯ ಚರಣ ಕೆಳಗಿಳಿದದ್ದು

ಶಿಗ್ಗಾಂವದ ಸಣ್ಣ ಚರ್ಚಿನಲ್ಲಿ ಹಾಡಿನ ಮೊದಲ ಸಾಲು ಎತ್ತಿಕೊಡುವವಳು ಮೂವತ್ತು ವರ್ಷದಿಂದ ರೂತವ್ವನೇ. ಈ ಮಳೆಗಾಲದಲ್ಲಿ ಗಂಟಲಿನ ಗಡ್ಡೆ ತೆಗೆಸಿದ ಮೇಲೆ ಆಕೆಯ ದನಿ ದಪ್ಪಗಾಗಿ ಕೆಳಗಿಳಿಯಿತು. ಎರಡು ಭಾನುವಾರ ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತಳು. ಮೂರನೆಯ ವಾರ ಪಾದ್ರಿಗಳಿಗೆ, "ನನ್ನ ಹಾಡು ಮುಗೀತರಿ. ಬ್ಯಾರೇದವರಿಗೆ ಹೇಳ್ರಿ" ಅಂದುಬಿಟ್ಟಳು.

ಕೀಬೋರ್ಡ್ ನುಡಿಸುವ ಜಯಾಳ ಮನಸ್ಸು ಇದಕ್ಕೆ ಒಪ್ಪಲಿಲ್ಲ. ವಾರವಿಡೀ ಬ್ಲೌಸ್ ಹೊಲಿಯುವ ಆಕೆ ಹುಬ್ಬಳ್ಳಿಯ ಹಾಸ್ಟೆಲಿನಲ್ಲಿದ್ದಾಗ ಪಿಯಾನೋ ಕಲಿತವಳು. ಕೊನೆಯ ಚರಣಕ್ಕೆ ಶ್ರುತಿಯನ್ನು ಎರಡು ಮನೆ, ಅಂದರೆ ಕೀಬೋರ್ಡಿನ ಎರಡು ಕೀ, ಮೇಲೇರಿಸುವ ರೂಢಿ ತಂದವಳೂ ಆಕೆಯೇ. ಏರಿದ ಕೂಡಲೇ ಜನ ಎದೆ ತುಂಬಿ ಹಾಡುತ್ತಿದ್ದರು. ಮೊದಲಿನ ಚರಣಗಳೇ ಎಟುಕದ ರೂತವ್ವನಿಗೆ ಅದು ಅಟ್ಟ ಹತ್ತಿದಂತೆ.

ಶುಕ್ರವಾರ ಜಯಾ ಮಗಳನ್ನೆತ್ತಿಕೊಂಡು ರೂತವ್ವನ ಮನೆಗೆ ಹೋದಳು.

"ಆಯಿ, ಇಕಿನ್ನ ಚೂರು ಹಿಡ್ಕೋರಿ. ನಿದ್ದಿ ಬಂದೈತಿ, ಹಠ ಮಾಡಾಕತ್ತಾಳ."

"ತಾ ಇಲ್ಲೆ. ಅವ್ವ ಪೆಟ್ಟಿಗಿ ಬಾರಸ್ತಾಳ, ಮಗಳು ಒದರ್ತಾಳ. ನಿಮ್ಮನಿ ತುಂಬ ಸಂಗೀತನ."

ರೂತವ್ವ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಲಾಲಿ ಗುನುಗಿದಳು. ಜಯಾ ಫೋನಿನಲ್ಲಿ ಪಿಯಾನೋ ತೆರೆದು, ಸದ್ದು ಸಣ್ಣದು ಮಾಡಿ, ಆ ಗುನುಗಿನ ಷಡ್ಜ ಹುಡುಕಿದಳು. ಚರ್ಚಿನ ಶ್ರುತಿಗಿಂತ ನಾಲ್ಕು ಮನೆ ಕೆಳಗೆ. ಅಲ್ಲಿ ದನಿ ಒಡೆಯುತ್ತಿರಲಿಲ್ಲ.

ಇಡೀ ಹಾಡನ್ನು ಅಷ್ಟು ಇಳಿಸಿದರೆ ಜೊತೆಗೆ ಹಾಡುವ ಹುಡುಗಿಯರಿಗೆ ಕಷ್ಟ. ಕೊನೆಯ ಚರಣವೊಂದನ್ನಾದರೂ ಇಳಿಸಬಹುದಲ್ಲ? ಶನಿವಾರದ ಅಭ್ಯಾಸದಲ್ಲಿ ಹೇಳಿದಾಗ ಢೋಲಕ್ ಬಾರಿಸುವ ರಾಜಕುಮಾರ ನಕ್ಕ.

"ಜಯಕ್ಕಾ, ಎಲ್ಲಾರೂ ಏರಸ್ತಾರ, ನೀವು ಇಳಸ್ತೀರಿ. ಮಂದಿ ಕರೆಂಟ್ ಹೋತು ಅಂತಾರ."

"ಅನ್ನಲಿ ಬಿಡೋ. ನೀ ತಾಳ ತಪ್ಪಬ್ಯಾಡ, ಅಷ್ಟ ಸಾಕು."

ಭಾನುವಾರವೂ ರೂತವ್ವ ಹಿಂದೆಯೇ ಕೂತಿದ್ದಳು. ಮೂರು ಚರಣ ಮುಗಿದವು. ಹಳೆಯ, ಹೊಸ ಎರಡೂ ಶ್ರುತಿಗೆ ಸೇರಿದ ಒಂದು ಸ್ವರವನ್ನು ಜಯಾ ಬಲಗೈಯಲ್ಲಿ ಹಾಗೇ ಹಿಡಿದು, ಎಡಗೈಯ ಸ್ವರಗಳ ಗುಂಪನ್ನು ಬದಲಿಸಿ ಕೆಳಗಿಳಿದಳು. ಏರುವುದನ್ನೇ ಕಾಯುತ್ತಿದ್ದ ಜನ ತಬ್ಬಿಬ್ಬಾದರು. ಯಾರೂ ಬಾಯಿ ತೆರೆಯಲಿಲ್ಲ. ಜಯಾ ಮತ್ತೊಮ್ಮೆ ಅದೇ ಇಳಿಕೆ ನುಡಿಸಿ ಕಾದಳು.

ಹಿಂದಿನಿಂದ ದಪ್ಪನೆಯ ದನಿಯೊಂದು ಸಾಲು ಎತ್ತಿಕೊಟ್ಟಿತು. ಯಾರೋ ಗಂಡಸು ಅಂದುಕೊಂಡು ಕೆಲವರು ತಿರುಗಿ ನೋಡಿದರು. ರೂತವ್ವ ಯಾರ ಕಡೆಯೂ ನೋಡದೆ ಹಾಡುತ್ತಿದ್ದಳು. ಉಳಿದವರು ಆಕೆಯ ಬೆನ್ನಿಗೆ ಸೇರಿಕೊಂಡರು.

ಹೊರಗೆ ಚಪ್ಪಲಿ ಮೆಟ್ಟುವಾಗ ಆಕೆ ಜಯಾಳ ಹತ್ತಿರ ಬಂದಳು.

"ಮುಂದಿನ ವಾರ ಎರಡನೇ ಚರಣದಿಂದನ ಇಳಸವ್ವಾ. ಒಂದ ಚರಣ ಹಾಡಾಕ ಇಸ್ತ್ರಿ ಸೀರಿ ಉಟಗೊಂಡು ಬರಬೇಕೇನು?"