ಸೊಣ್ಣಮ್ಮನ ಎರಡು ತಗಡು

ಸೊಣ್ಣಮ್ಮನ ವಿಷಯ ಹೇಳುವ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅವಳಿಗೂ ನನಗೂ ಆಗುತ್ತಿರಲಿಲ್ಲ. ಅವಳ ಗಂಡ ಅಣ್ಣ, ನನ್ನ ಗಂಡ ತಮ್ಮ. ನಮ್ಮೂರು ಸಾಸಲಿನಲ್ಲಿ ಒಂದೇ ಗೋಡೆಯ ಆಚೆ ಈಚೆ ನಮ್ಮ ಸಂಸಾರ. ಪಾಲಾದ ಮೇಲೆ ಕಣದ ಜಾಗಕ್ಕೆ ಜಗಳವಾಗಿ ಎರಡು ವರ್ಷ ಮಾತು ಬಿಟ್ಟಿದ್ದೆವು. ತಪ್ಪು ಅವಳದೇ, ಈಗ ಕೇಳಿದರೂ ಹಾಗೇ ಹೇಳುತ್ತೇನೆ. ಆದರೆ ಹಳೇ ಬಟ್ಟೆಯ ಕೌದಿ ಹೊಲಿಯುವುದರಲ್ಲಿ ಸುತ್ತಮುತ್ತಲ ಹಳ್ಳಿಗಳಲ್ಲಿ ಅವಳಂಥವಳು ಇನ್ನೊಬ್ಬಳಿರಲಿಲ್ಲ. ಅದನ್ನೂ ನಾನೇ ಹೇಳಬೇಕು, ಬೇರೆ ಯಾರು ಹೇಳುತ್ತಾರೆ?

ಎರಡನೇ ಮಹಾಯುದ್ಧ ಮುಗಿಯುವ ವರ್ಷ ಅವಳ ಮಗಳು ಆದಿಲಕ್ಷ್ಮಿ ಮೂರನೇ ಹೆರಿಗೆಗೆ ತವರಿಗೆ ಬಂದಳು. ಮೊದಲಿನ ಎರಡು ಕೂಸುಗಳೂ ಹನ್ನೊಂದು ದಿನದ ಪುರುಡು ಕಳೆಯುವ ಮುಂಚೆಯೇ ಹೋಗಿದ್ದವು, ಒಂದು ಏಳನೇ ದಿನ, ಇನ್ನೊಂದು ಒಂಬತ್ತನೇ ದಿನ. ಈ ಸಲ ಹೆಣ್ಣು ಹುಟ್ಟಿತು. ಆದಿಲಕ್ಷ್ಮಿ ಹೊತ್ತು ಹೊತ್ತಿಗೆ ಹಾಲು ಕುಡಿಸುತ್ತಿದ್ದಳು, ಅಷ್ಟೇ. ಮುಖ ನೋಡುತ್ತಿರಲಿಲ್ಲ, ಒಂದು ಮಾತೂ ಆಡುತ್ತಿರಲಿಲ್ಲ. ಕುಡಿಸಿ ಸೂಲಗಿತ್ತಿ ಬೈರಮ್ಮನ ಕೈಗೆ ಕೊಟ್ಟು ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದಳು.

ಮಕ್ಕಳು ನಿಲ್ಲದ ಮನೆಗೆ ನಮ್ಮಲ್ಲಿ ಒಂದು ಪದ್ಧತಿಯಿತ್ತು. ಒಂಬತ್ತು ಮನೆಯಲ್ಲಿ ಸೆರಗೊಡ್ಡಿ ಬಟ್ಟೆ ಬೇಡಬೇಕು. ಅದನ್ನು ಕೌದಿಯಾಗಿ ಹೊಲಿದು, ಹನ್ನೊಂದನೇ ದಿನ ಕೂಸನ್ನು ಅದರ ಮೇಲೆಯೇ ತೊಟ್ಟಿಲಿಗೆ ಹಾಕಬೇಕು. ಒಂಬತ್ತೂ ಮನೆಯ ಬಟ್ಟೆ ಕೂಸಿನ ಬೆನ್ನಿಗೆ ತಾಗಬೇಕು. ಹುಟ್ಟುವ ಮುಂಚೆ ಹೊಲಿದಿಡುವಂತಿಲ್ಲ. ಬಟ್ಟೆಗೂ ರೇಷನ್ ಕಾರ್ಡು ಬಂದಿದ್ದ ಕಾಲ ಅದು. ಮೈಮೇಲಿನ ಸೀರೆ ಚಿಂದಿಯಾಗುವವರೆಗೆ ಉಡುತ್ತಿದ್ದೆವು. ಪುರುಡಿನ ಮನೆಯವಳೆಂದು ಸೊಣ್ಣಮ್ಮ ಹೊಸ್ತಿಲಾಚೆಯೇ ನಿಂತು ಬೇಡಿದಳು. ಜನ ಸೀರೆಯಲ್ಲಿ ಸವೆಯದೆ ಉಳಿದ ಮೂಲೆಯನ್ನಷ್ಟೇ ಹರಿದು ಕೊಟ್ಟರು.

ಮೂರನೇ ದಿನ ನನ್ನ ಬಾಗಿಲಿಗೂ ಬಂದಳು. ಅಷ್ಟು ಸೆಟೆದುಕೊಂಡಿದ್ದವಳು ಸೆರಗು ಹಿಡಿದು ನಿಂತಳು. "ಮುನಿತಾಯಿ, ಎಂಟು ಮನೆ ಆಯ್ತು. ಒಂಬತ್ತನೇದು ನಿಂದು," ಅಂದಳು. ಕಣದ ಮಾತು ಎತ್ತಿ ಚುಚ್ಚಬೇಕೆಂದು ಎರಡು ವರ್ಷದಿಂದ ಕಾದಿದ್ದೆ. ಅದನ್ನು ಬಿಟ್ಟು ಒಳಗೆ ಹೋದೆ. ಪೆಟ್ಟಿಗೆ ತೆಗೆದು, ದೊಡ್ಡಬಳ್ಳಾಪುರದ ಮಗ್ಗದ ನನ್ನ ರೇಷ್ಮೆ ಸೀರೆಯ ಸೆರಗಿನ ಮೂಲೆಯನ್ನು ಕತ್ತರಿಸಿಕೊಟ್ಟೆ. ಹೊಟ್ಟೆ ಉರಿಯಿತು, ನಿಜ, ಆದರೂ ಕೊಟ್ಟೆ.

ಅಲ್ಲಿಂದ ಶುರುವಾಯಿತು ಅವಳ ಪಾಡು. ಮೂಲೆ ತುಂಡುಗಳನ್ನು ಚೌಕ ಮಾಡಲು ಹೋದರೆ ಅರ್ಧ ಬಟ್ಟೆ ಕಸವಾಗುತ್ತಿತ್ತು. ಹಾಗಾಗಿ ಒಂಬತ್ತು ಮುಕ್ಕೋಣಗಳ ಚೂಪು ಒಂದೇ ಕಡೆ ಕೂಡುವ ಹಾಗೆ ಚಕ್ರ ಮಾಡಿದಳು. ಕಣ್ಣಂದಾಜಿನಲ್ಲಿ ಕತ್ತರಿಸಿ ಹೊಲಿದರೆ ನಡುವೆ ಗೋಲಿಗಾತ್ರದ ಗಂಟು ಎದ್ದಿತು. ಹನ್ನೊಂದು ದಿನದ ಕೂಸನ್ನು ಅದರ ಮೇಲೆ ಮಲಗಿಸುವುದುಂಟೇ? ಐದನೇ ದಿನ ಎಲ್ಲ ಬಿಚ್ಚಿದಳು.

ಮರುದಿನ ಜರಡಿಯ ಸುತ್ತ ಒಂದು ದಾರ ಹಿಡಿದಳು. ಆ ಅಳತೆಯ ದಾರವನ್ನು ಮೂರಾಗಿ ಮಡಿಸಿ, ಮತ್ತೆ ಮೂರಾಗಿ ಮಡಿಸಿದಳು. ಒಂಬತ್ತು ಸಮಪಾಲು! ಅಕ್ಷರ ಬರದವಳ ಲೆಕ್ಕ ನೋಡಿ. ಒಂದು ಪಾಲಿಗೆ ಸರಿಯಾಗಿ ಸೀಮೆಎಣ್ಣೆ ಡಬ್ಬದ ತಗಡನ್ನು ಮುಕ್ಕೋಣವಾಗಿ ಕತ್ತರಿಸಿ, ಅಂಚನ್ನು ಕಲ್ಲಿಗೆ ಉಜ್ಜಿದಳು. ಅದನ್ನು ಅಳತೆಗಿಟ್ಟು ಬಟ್ಟೆ ಕತ್ತರಿಸಿ ಹೊಲಿದರೂ ಚಕ್ರ ಸೊಟ್ಟಗಾಯಿತು, ಒಂದು ಹೊಲಿಗೆ ಒಳಗೆ, ಇನ್ನೊಂದು ಹೊರಗೆ. ಅದು ಏಳನೇ ದಿನ. ಆವತ್ತು ಆ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಕೂಸು ಸೀನಿದರೂ ಬೈರಮ್ಮ ಎದ್ದು ನಿಲ್ಲುತ್ತಿದ್ದಳು. ಸೊಣ್ಣಮ್ಮ ಮಾತ್ರ ತಲೆಯೆತ್ತದೆ ಹೊಲಿಗೆ ಬಿಚ್ಚುತ್ತಿದ್ದಳು. ಕೂಸಿನ ಉಸಿರು ಅವಳ ಕೈಲಿರಲಿಲ್ಲ, ಬಟ್ಟೆ ಕೈಲಿತ್ತು. ನನಗೆ ತಡೆಯಲಾಗದೆ ಹೋಗಿ ಪಕ್ಕದಲ್ಲಿ ಕೂತೆ.

ಎಂಟನೇ ದಿನ ಎರಡನೇ ತಗಡು ಬಂತು, ಮೊದಲನೆಯದಕ್ಕಿಂತ ಸುತ್ತ ಒಂದು ತೊಗರಿಕಾಳಿನಷ್ಟು ಚಿಕ್ಕದು. ದೊಡ್ಡದು ಕತ್ತರಿಸಲು, ಚಿಕ್ಕದು ಹೊಲಿಗೆಯ ಗೆರೆಗೆ. ಬಟ್ಟೆಯ ಮೇಲೆ ಚಿಕ್ಕ ತಗಡು ಇಟ್ಟು, ಇಟ್ಟಿಗೆ ಪುಡಿ ಸವರಿದ ದಾರದಿಂದ ಸುತ್ತ ಗೆರೆ ಒತ್ತಿದಳು. ಎರಡು ತುಂಡುಗಳ ಚೂಪು ಸರಿಯಾಗಿ ಕೂಡುವಂತೆ ಜಾಲಿಮುಳ್ಳು ಚುಚ್ಚಿದಳು. ಮುಳ್ಳು ಮುರಿದು ತರುವ ಕೆಲಸ ನನ್ನದು, ಬೆರಳೆಲ್ಲ ತೂತಾಯಿತು. ನನ್ನ ರೇಷ್ಮೆಯೇ ಎಲ್ಲಕ್ಕಿಂತ ಜಾರುತ್ತಿತ್ತು. "ಬಟ್ಟೇನೂ ನಿನ್ನಂಗೇ, ಒಂದ್ಕಡೆ ನಿಲ್ಲಲ್ಲ," ಅಂದಳು. ಎರಡು ವರ್ಷದ ಮೇಲೆ ಅವಳು ನನ್ನನ್ನು ಛೇಡಿಸಿದ್ದು ಅದೇ ಮೊದಲು. ರೇಷ್ಮೆಗೆ ಅನ್ನದ ಗಂಜಿ ಹಾಕಿ ಒಣಗಿಸಿ ಗಟ್ಟಿ ಮಾಡಿದೆವು. ನಡುವೆ ಗಂಟು ಏಳದಂತೆ ಹೊಲಿಗೆಯ ಅಂಚುಗಳನ್ನೆಲ್ಲ ಒಂದೇ ದಿಕ್ಕಿಗೆ ಮಲಗಿಸಿ, ಚೊಂಬಿಗೆ ಕೆಂಡ ತುಂಬಿ ಉಜ್ಜಿದಳು.

ಒಂಬತ್ತನೇ ದಿನ ಸಂಜೆ ಚಕ್ರ ಮುಗಿಯಿತು. ಸೊಣ್ಣಮ್ಮ ಅದರ ನಡುವನ್ನು ತನ್ನ ಕೆನ್ನೆಗೆ ಒತ್ತಿಕೊಂಡು ನೋಡಿದಳು, ಆಮೇಲೆ ನನ್ನ ಕೆನ್ನೆಗೆ ಒತ್ತಿದಳು. ಏನೂ ತಗಲಲಿಲ್ಲ. ಬೈರಮ್ಮ ಕೊಟ್ಟ ಹಳೇ ದುಪ್ಪಟಿಯನ್ನು ಕೆಳಗಿಟ್ಟು ಹತ್ತನೇ ದಿನವೆಲ್ಲ ಇಬ್ಬರೂ ಕೂತು ಹೊಲಿದೆವು. ಕೂಸು ಒಳಗೆ ಜೋರಾಗಿ ಅಳುತ್ತಿತ್ತು. ಆ ಅಳು ಕೇಳಿದಷ್ಟೂ ನನ್ನ ಎದೆ ಹಗುರವಾಗುತ್ತಿತ್ತು.

ಹನ್ನೊಂದನೇ ದಿನ ಕೂಸಿಗೆ ನೀರು ಹಾಕಿ, ಯಾರ ಕಣ್ಣೂ ಬೀಳದಿರಲೆಂದು ತಿಪ್ಪಮ್ಮ ಅಂತ ಹೆಸರಿಟ್ಟು, ತೊಟ್ಟಿಲಲ್ಲಿ ಕೌದಿ ಹಾಸಿ ಮಲಗಿಸಿದೆವು. ಆದಿಲಕ್ಷ್ಮಿ ಕಂಬಕ್ಕೊರಗಿ ಕೂತಿದ್ದಳು, ತೊಟ್ಟಿಲ ಕಡೆ ನೋಡಲೂ ಇಲ್ಲ. ನಾವು ಎತ್ತಿದ ತೊಟ್ಟಿಲ ಹಾಡು ಎರಡು ಸಾಲು ಆಗಿರಲಿಲ್ಲ, ಕೂಸು ಉಚ್ಚೆ ಹೊಯ್ದುಬಿಟ್ಟಿತು. ತೊಟ್ಟಿಲಿಂದ ತೊಟತೊಟ ಸುರಿಯುವುದನ್ನು ಕಂಡು ಆದಿಲಕ್ಷ್ಮಿ ದಡಕ್ಕನೆ ಎದ್ದು ಬಂದಳು.

"ಲೇ ಕತ್ತೆ, ನಮ್ಮಮ್ಮ ಕಣ್ಣು ಕಿತ್ಕೊಂಡು ಹೊಲ್ದಿದ್ದು ಕಣೇ ಅದು. ಒಂದ್ಗಳಿಗೆ ತಡ್ಕೊಳಕ್ಕಾಗ್ಲಿಲ್ವಾ ನಿಂಗೆ?"

ಹಾಡು ನಿಂತಿತು. ಹನ್ನೊಂದು ದಿನಕ್ಕೆ ಅವಳು ಮಗಳ ಜೊತೆ ಆಡಿದ ಮೊದಲ ಮಾತು ಅದು. ಮುಖ ನೋಡಿ, ಕಣ್ಣಲ್ಲಿ ಕಣ್ಣಿಟ್ಟು ಬೈಯುತ್ತಿದ್ದಳು. ಎತ್ತಿ ಹೆಗಲಿಗೆ ಹಾಕಿಕೊಂಡು, ಒದ್ದೆಯೆಲ್ಲ ತನ್ನ ಮೈಗೆ ಇಳಿಯುತ್ತಿದ್ದರೂ ಬೈಯುತ್ತಲೇ ಇದ್ದಳು. ನಾನು ಕೌದಿ ತೆಗೆದು ಒಗೆಯಲು ಹೊರಟೆ. ಸೊಣ್ಣಮ್ಮ ನನ್ನ ಕೈ ಹಿಡಿದು ಕೂರಿಸಿದಳು. ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು.

"ಇರು ಮುನಿತಾಯಿ, ಬೈಲಿ. ಇನ್ನೊಂಚೂರು ಬೈಲಿ."