ಮೊಂಬಾಸಾಕ್ಕೆ ಒಂದು ಸಲಾಂ

ಶುಕ್ರವಾರ ಮಧ್ಯಾಹ್ನ ದುಬೈಯ ಊದ್ ಮೇಥಾದ ನಮ್ಮ ಕಟ್ಟಡದ ಲಿಫ್ಟು ನಾಲ್ಕನೆಯ ಮಹಡಿಯಲ್ಲಿ ನಿಂತು ಬಾಗಿಲು ತೆರೆದಾಗ ಈರುಳ್ಳಿ ಹುರಿಯುವ ವಾಸನೆ ಬಂತು. ಬಿರಿಯಾನಿಗೆಂದು ಕೆಂಪಗೆ, ಇನ್ನೇನು ಸೀದೇ ಹೋಯಿತು ಎನ್ನುವವರೆಗೆ ಹುರಿಯುತ್ತಾರಲ್ಲ, ಆ ವಾಸನೆ. ಎರಡೂ ಕೈಯಲ್ಲಿ ಹಾಲು, ಮೊಸರು, ತರಕಾರಿಯ ಚೀಲ ಹಿಡಿದವಳು ಹಾಗೇ ನಿಂತುಬಿಟ್ಟೆ. ಎದುರು ಮನೆಯಲ್ಲಿ ಈಗಿರುವುದು ಹೈದರಾಬಾದಿನ ಎಳೆಯ ಜೋಡಿ. ಸಿಕ್ಕಾಗ ನಗುತ್ತಾರೆ, ಅಷ್ಟೇ ಪರಿಚಯ. ಆದರೂ ಆ ಬಾಗಿಲು ತೆರೆದು ಖತೀಜಮ್ಮ ಹೊರಗೆ ಬಂದು "ಊಟ ಆಯ್ತನೇ?" ಎಂದು ಕೇಳಬಹುದೆಂದು ಒಂದು ಗಳಿಗೆ ಕಾದೆ. ಹಾಗೆ ಕಾಯಲು ನನಗೇನೂ ಮುಖವಿಲ್ಲ. ಯಾಕೆ ಇಲ್ಲ ಎಂಬುದನ್ನು ನಿಮ್ಮ ಹತ್ತಿರವಾದರೂ ಹೇಳಿಕೊಳ್ಳುತ್ತೇನೆ.

ಖತೀಜಮ್ಮ ಭಟ್ಕಳದವರು. ಗಂಡ, ನಾವೆಲ್ಲ ಸಾಹೇಬರು ಎನ್ನುತ್ತಿದ್ದವರು, ಇಲ್ಲಿಯ ಪೇಟೆಯಲ್ಲಿ ಅತ್ತರಿನ ಅಂಗಡಿ ಇಟ್ಟುಕೊಂಡಿದ್ದರು. ಮನೆಯೊಳಗೆ ನವಾಯತಿ, ನನ್ನೊಡನೆ ಕನ್ನಡ, ವಾಚ್‌ಮನ್‌ ಜೊತೆ ಹಿಂದಿ, ಮೊಮ್ಮಕ್ಕಳ ಜೊತೆ ಅವರಿಗೇ ತಿಳಿಯದ ಇಂಗ್ಲಿಷು. ನಾನು ಹೊನ್ನಾವರದವಳು ಎಂದು ಗೊತ್ತಾದ ದಿನವೇ "ಹಂಗಾರೆ ನೀ ನಮ್ಮೋಳೇ ಆಯ್ತಲ್ಲ" ಎಂದು ಒಳಗೆ ಕರೆದು ಕೂರಿಸಿಕೊಂಡಿದ್ದರು. ನಾನು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುವವಳು, ಅವರ ಮೊಣಕಾಲುಗಳು ಮಾತು ಕೇಳುತ್ತಿರಲಿಲ್ಲ. ವಾರಕ್ಕೆರಡು ಸಂಜೆ ಅವರ ಕಾಲು ಎತ್ತಿಸಿ ಇಳಿಸಿ ಮಾಡಿಸುತ್ತಿದ್ದೆ. ಹತ್ತು ಸಲ ಎಂದರೆ ಆರಕ್ಕೇ ನಿಲ್ಲಿಸಿ, "ಖಲಾಸ್, ಇನ್ನು ಚಾ ಕುಡಿ" ಎನ್ನುತ್ತಿದ್ದರು. ನನ್ನ ಕೈಯಲ್ಲಿ ಗುಣವಾಗದ ರೋಗಿಗಳ ಪೈಕಿ ಅವರೇ ಮೊದಲಿಗರು.

ನನಗಾಗ ಕಾಲಿಗೆ ಚಕ್ರ ಕಟ್ಟಿಕೊಂಡಂಥ ಹುಚ್ಚು. ಗಲ್ಫಿನಲ್ಲಿ ರಜೆ ಎಂದರೆ ಊರು. ವರ್ಷವಿಡೀ ಅದಕ್ಕಾಗಿಯೇ ಬದುಕುತ್ತಾರೆ. ನಾನು ಮಾತ್ರ ರಜೆಯನ್ನು ಎರಡು ತುಂಡು ಮಾಡಿ ಒಂದನ್ನು ಊರಿಗೂ ಇನ್ನೊಂದನ್ನು ಭೂಪಟಕ್ಕೂ ಕೊಡುತ್ತಿದ್ದೆ. ಮೂವತ್ತನಾಲ್ಕಾದರೂ ಮದುವೆಯಾಗದೆ ಕಾಡು ಬೆಟ್ಟ ತಿರುಗುವವಳೆಂದು ಸಂಬಂಧಿಕರು ಆಡಿಕೊಳ್ಳುತ್ತಿದ್ದರು. ನನಗೂ ಒಳಗೊಳಗೇ ಅದೊಂದು ಬಿರುದಿನಂತೆ ಕಾಣುತ್ತಿತ್ತು.

ಕೀನ್ಯಾಕ್ಕೆ ಒಂಬತ್ತು ಜನರ ತಂಡ ಹೊರಟಿತು. ಹೊರಡಿಸಿದವಳು ನಮ್ಮ ಆಸ್ಪತ್ರೆಯ ಎಕ್ಸ್‌ರೇ ವಿಭಾಗದ ಲೀನಾ, ಮಂಗಳೂರಿನವಳು. ದುಬೈಯಲ್ಲಿ ವಿಮಾನ ಹತ್ತುವವರ ಪೆಟ್ಟಿಗೆ ಪೂರ್ತಿ ಅವರದ್ದೇ ಆಗಿರುವುದಿಲ್ಲ, ನಿಮಗೆ ಗೊತ್ತಿರಬಹುದು. ಒಬ್ಬರ ಮಾತ್ರೆ, ಇನ್ನೊಬ್ಬರ ಖರ್ಜೂರ, ಯಾರದೋ ಮಗುವಿನ ಬೂಟು, ಎಲ್ಲವೂ ಅದರಲ್ಲಿ ಪ್ರಯಾಣ ಮಾಡುತ್ತವೆ. ಕೀನ್ಯಾಕ್ಕೆ ಹೋಗುವವಳ ಕೈಯಲ್ಲಿ ಯಾರು ಏನು ಕಳಿಸುತ್ತಾರೆ ಎಂದು ನಿಶ್ಚಿಂತೆಯಾಗಿದ್ದೆ. ಹೊರಡುವ ಹಿಂದಿನ ಸಂಜೆ ಖತೀಜಮ್ಮ ಕರೆದರು.

"ನೀ ಮೊಂಬಾಸಕ್ಕೂ ಹೋಗುದು ಉಂಟಲ್ಲ?"

"ಕಡೆಗೆ ಎರಡು ದಿನ ಅಲ್ಲೇ."

"ನಮ್ಮಣ್ಣ ಹಸನ್ ಅಲ್ಲಿದ್ದಾನೆ."

ಇದ್ದಾನೆ ಎಂದರೆ, ಮಣ್ಣಿನಲ್ಲಿ. ನಲವತ್ತು ವರ್ಷದ ಹಿಂದೆ ಬಟ್ಟೆ ಅಂಗಡಿಯೊಂದರ ಕೆಲಸಕ್ಕೆ ಹೋದವನು ಎರಡೇ ವರ್ಷಕ್ಕೆ ಜ್ವರದಿಂದ ತೀರಿಕೊಂಡ. ಹಳೇ ಪೇಟೆಯ ಮಸೀದಿಯ ಹಿಂದೆ ದಫನ ಮಾಡಿದ್ದೇವೆಂದು ಅಂಗಡಿಯವರ ಕಾಗದ ಬಂತು. ಮನೆಯವರು ಯಾರೂ ಅಲ್ಲಿಗೆ ಹೋಗಲಿಲ್ಲ, ಹೋಗುವ ಹಾಗೂ ಇರಲಿಲ್ಲ. "ನೀ ಎಂತದೂ ಓದೂದು ಬೇಡ ಮಗಾ. ಅಲ್ಲಿ ನಿಂತ್ಕಂಡು, ಹಸನಣ್ಣ, ನಿನ್ನ ತಂಗಿ ಖತೀಜಾ ಸಲಾಂ ಹೇಳಿದಾಳೆ ಅಂತ ಹೇಳಿ ಬಾ. ಅಷ್ಟು ಸಾಕು ನಂಗೆ."

ಹೇಳುತ್ತೇನೆ ಎಂದೆ. ಆಗ ಅವರು ಒಂದು ಮಾತು ಸೇರಿಸಿದರು: ಒಬ್ಬರ ಸಲಾಂ ಒಪ್ಪಿಕೊಂಡರೆ ಅದು ಅಮಾನತ್ತು, ನಂಬಿ ಕೈಗಿಟ್ಟ ಒಡವೆ ಇದ್ದ ಹಾಗೆ, ತಲುಪಿಸಲೇಬೇಕು. ನಾನು ತಲೆ ಅಲ್ಲಾಡಿಸಿದೆ. ನಮ್ಮ ಕಡೆ "ಅಮ್ಮನನ್ನು ಕೇಳಿದೆ ಅಂತ ಹೇಳು" ಎಂದು ಯಾರಾದರೂ ಹೇಳಿದರೆ ಬಸ್ಸು ಹತ್ತುವಷ್ಟರಲ್ಲಿ ಮರೆತಿರುತ್ತೇವೆ, ಹೇಳಿದವರಿಗೂ ನೆನಪಿರುವುದಿಲ್ಲ. ನನಗೆ ಸಲಾಮೂ ಅಂಥದ್ದೇ ಒಂದು ಎನಿಸಿತ್ತು.

ಕೀನ್ಯಾದ ಕಥೆಯನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಹುಲ್ಲುಗಾವಲಿನ ಹಳ್ಳದಲ್ಲಿ ನಮ್ಮ ಜೀಪು ಹೂತುಕೊಂಡಿತು. ಸ್ವಲ್ಪವೇ ದೂರದಲ್ಲಿ ಸಿಂಹಿಣಿಯೊಂದು ಮರಿಗಳೊಡನೆ ಮಲಗಿತ್ತು. ಡ್ರೈವರು ಬಾಯಿ ಮೇಲೆ ಬೆರಳಿಟ್ಟು ಇಳಿದು ತಳ್ಳಿ ಎಂದು ಸನ್ನೆ ಮಾಡಿದ. ಒಂಬತ್ತು ಜನ ಮೊಣಕಾಲುದ್ದ ಕೆಸರಿನಲ್ಲಿ ಉಸಿರು ಬಿಗಿಹಿಡಿದು ತಳ್ಳಿದೆವು. ಲೀನಾ ಒಂದು ಕೈಯಲ್ಲಿ ಜೀಪು ತಳ್ಳುತ್ತಾ ಇನ್ನೊಂದರಲ್ಲಿ ಜಪಮಾಲೆ ತಿರುಗಿಸುತ್ತಿದ್ದಳು. ಸಿಂಹಿಣಿ ಒಮ್ಮೆ ತಲೆಯೆತ್ತಿ ನಮ್ಮನ್ನು ನೋಡಿ, ಇವರಿಂದ ಏನೂ ಆಗುವುದಿಲ್ಲ ಎನ್ನುವಂತೆ ಮತ್ತೆ ಮಲಗಿತು. ಇಷ್ಟು ಹೇಳಿ ನಾನು ಯಾವಾಗಲೂ ಕಥೆ ಮುಗಿಸುತ್ತಿದ್ದೆ. ಮೊಂಬಾಸಾದ ಭಾಗವನ್ನು ಯಾರಿಗೂ ಹೇಳಿರಲಿಲ್ಲ.

ಮೊಂಬಾಸಾದಲ್ಲಿ ಒಂದು ಇಡೀ ದಿನ ಬಿಡುವಿತ್ತು. ಬೆಳಗ್ಗೆ ಡಾಲ್ಫಿನ್ ನೋಡಲು ದೋಣಿ ಹೊರಟಿತು. "ಯಲ್ಲಾ, ಬಾ ಮಾರಾಯ್ತಿ, ನಿನ್ನ ಕೆಲಸ ಸಂಜೆಗೆ ಮಾಡುವ" ಎಂದು ಲೀನಾ ಎಳೆದಳು. ಗಾಳಿಗೆ ಸಿಕ್ಕಿ ದೋಣಿ ತಡವಾಗಿ ಮರಳಿತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ಅದಾದ ಮೇಲೂ ಎರಡು ಗಂಟೆ ಬೆಳಕಿತ್ತು. ಹಳೇ ಪೇಟೆ ಟ್ಯಾಕ್ಸಿಯಲ್ಲಿ ಇಪ್ಪತ್ತು ನಿಮಿಷದ ದಾರಿ. ನಾನು ಹೋಟೆಲಿನ ಅಂಗಳದಲ್ಲಿ ಕಾಲು ಚಾಚಿ, ಎಳನೀರು ಕುಡಿಯುತ್ತಾ, ಬಿಸಿಲಿಗೆ ಸುಟ್ಟ ಮೂಗಿಗೆ ಕ್ರೀಮು ಹಚ್ಚುತ್ತಾ ಕೂತಿದ್ದೆ. ಮರುದಿನ ಮುಂಜಾನೆ ವಿಮಾನ ಹತ್ತಿದೆ.

ದುಬೈಗೆ ಬಂದು ಬೀಗ ತೆರೆಯುವ ಮೊದಲೇ ಎದುರು ಬಾಗಿಲು ತೆರೆಯಿತು. ಖತೀಜಮ್ಮ ಗೋಡೆ ಹಿಡಿದುಕೊಂಡು ನಿಂತಿದ್ದರು.

"ಸಿಕ್ತ?"

ಇಲ್ಲ ಎನ್ನಲು ಬಾಯಿ ತೆರೆದವಳು ಅವರ ಮುಖ ನೋಡಿ "ಸಿಕ್ತು" ಎಂದುಬಿಟ್ಟೆ.

ಅವರು ಅಲ್ಲೇ ಚಪ್ಪಲಿ ಇಡುವ ಸ್ಟೂಲಿನ ಮೇಲೆ ಕುಸಿದು ಕುಳಿತರು. ಹೇಗಿದೆ ಎಂದು ಕೇಳಿದರು. ಬೇವಿನ ಮರ ಇದೆ ಎಂದೆ. ಸಮುದ್ರ ಹತ್ತಿರ, ಗಾಳಿ ಬರುತ್ತದೆ ಎಂದೆ. ಸುಣ್ಣ ಬಳಿದ ಗೋಡೆ ಕಟ್ಟಿದ್ದಾರೆ ಎಂದೆ. ಸಲಾಂ ಹೇಳಿದೆಯಾ ಎಂದು ಕೇಳಿದಾಗ, ಹೇಳಿದೆ ಎಂದೆ. ಅವರು ನನ್ನ ಎರಡೂ ಕೈಗಳನ್ನು ಕಣ್ಣಿಗೆ ಒತ್ತಿಕೊಂಡು ಅತ್ತರು. ಮನೆಗೆ ಬಂದು ಸ್ನಾನ ಮಾಡಿ, ಗಾಢ ನಿದ್ದೆ ಮಾಡಿದೆ. ಆ ನಿದ್ದೆ ಹೇಗೆ ಬಂತೆಂದು ಈಗಲೂ ನಾಚಿಕೆಯಾಗುತ್ತದೆ.

ಸುಳ್ಳು ಒಮ್ಮೆ ಹೇಳಿ ಮುಗಿಯಲಿಲ್ಲ. ಮೊಣಕಾಲಿನ ವ್ಯಾಯಾಮದ ಸಂಜೆಗಳಲ್ಲಿ ಅವರು ಮತ್ತೆ ಮತ್ತೆ ಕೇಳುತ್ತಿದ್ದರು. ನಾನೂ ಪ್ರತಿ ಸಲ ಏನಾದರೊಂದು ಸೇರಿಸುತ್ತಿದ್ದೆ: ನೆಲದ ಮೇಲೆ ಬಿದ್ದ ಬೇವಿನ ಹೂವು, ಗೋಡೆಯ ಮೇಲೆ ಕೂತ ಪಾರಿವಾಳ. ಮರುವರ್ಷ ಒಬ್ಬಳೇ ಇಥಿಯೋಪಿಯಾಕ್ಕೆ ಹೋದೆ. ಯಾರದೋ ಕೋಳಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆಟ್ಟದ ಬಸ್ಸಿನಲ್ಲಿ ಒಂಬತ್ತು ಗಂಟೆ ಕುಲುಕಾಡಿದೆ. ಅಲ್ಲಿಂದ ಮೊಂಬಾಸಾಕ್ಕೆ ಹೋಗಿಬರಬಹುದಿತ್ತು. ವಿಮಾನದ ವೇಳೆಯನ್ನು ಕೂಡ ನೋಡಿದ್ದೆ, ನೋಡಿ ಫೋನು ಒಳಗಿಟ್ಟೆ. ಹೋದರೆ ಅಲ್ಲಿ ಬೇವಿನ ಮರ ಇರುವುದಿಲ್ಲವೆಂಬ ಭಯ.

ಆ ಚಳಿಗಾಲ ಜಪಾನಿಗೆ ಹೊರಟೆ, ಅದೂ ಒಬ್ಬಳೇ. ಹಿಮದ ಅಭ್ಯಾಸವಾಗಲೆಂದು ದುಬೈಯ ಮಾಲಿನೊಳಗೆ ಮಾಡಿಟ್ಟಿರುವ ಹಿಮದಲ್ಲಿ ಬಾಡಿಗೆ ಕೋಟು ತೊಟ್ಟು ಒಂದು ಗಂಟೆ ನಡೆದಾಡಿದ ಜಾಣೆ ನಾನು. ಜಪಾನಿನ ಉತ್ತರದ ತುದಿಯ ಹಳ್ಳಿಯೊಂದರಲ್ಲಿ ಬಸ್ಸಿಳಿದಾಗ ಆ ಜಾಣತನ ಎರಡೇ ನಿಮಿಷ ಬಾಳಿತು. ಕಣ್ಣಿನ ರೆಪ್ಪೆಗಳು ಅಂಟಿಕೊಂಡವು, ಮೂಗು ಇದೆಯೋ ಇಲ್ಲವೋ ಮುಟ್ಟಿ ನೋಡಬೇಕಾಯಿತು. ದಾರಿಯ ಎರಡೂ ಬದಿಗೆ ನನ್ನ ತಲೆಗಿಂತ ಎತ್ತರದ ಹಿಮ. ಮುಂದಿನ ಬಸ್ಸಿಗೆ ನಾಲ್ಕು ಗಂಟೆ ಇತ್ತು.

ಸಣ್ಣ ದೇವಾಲಯವೊಂದರ ಪಕ್ಕದಲ್ಲಿ ಒಬ್ಬ ಮುದುಕ ಸಲಿಕೆಯಿಂದ ಹಿಮ ಅಗೆಯುತ್ತಿದ್ದ. ದಾರಿ ಮಾಡುತ್ತಿದ್ದಾನೆ ಎಂದುಕೊಂಡೆ. ಆದರೆ ಅತ್ತ ಮನೆಗಳೇ ಇರಲಿಲ್ಲ. ಮೈ ಬೆಚ್ಚಗಾಗಲಿ ಎಂದು ಗೋಡೆಗೆ ಒರಗಿಸಿದ್ದ ಇನ್ನೊಂದು ಸಲಿಕೆಯನ್ನು ಎತ್ತಿಕೊಂಡೆ. ಅವನು ಬೇಡವೆನ್ನಲಿಲ್ಲ. ಒಂದು ಗಂಟೆ ಅಗೆದ ಮೇಲೆ ಕಪ್ಪು ಕಲ್ಲಿನ ತಲೆ ಕಾಣಿಸಿತು. ಸಮಾಧಿ. ಮುದುಕ ಕೈಗವಸು ಬಿಚ್ಚಿ ಟವೆಲಿನಿಂದ ಕಲ್ಲನ್ನು ಒರೆಸಿ, ಅದರೆದುರು ಬಗ್ಗಿ, ಮೆಲ್ಲಗೆ ಏನೋ ಹೇಳಿದ. ಎರಡೇ ವಾಕ್ಯ ಇರಬೇಕು. ಆಮೇಲೆ ನನ್ನ ಫೋನನ್ನು ಕೇಳಿ ತೆಗೆದುಕೊಂಡು ಅದರಲ್ಲಿ ಮಾತಾಡಿದ. ಫೋನು ಅದನ್ನು ಇಂಗ್ಲಿಷು ಮಾಡಿ ತೋರಿಸಿತು. ಇದು ನನ್ನ ಹೆಂಡತಿ. ನಿನ್ನೆ ಮಗಳಿಗೆ ಮಗುವಾಯಿತು. ಹಿಮ ಕರಗುವವರೆಗೆ ಹೇಳದೆ ಇರುವುದು ಸರಿಯಲ್ಲ.

ನಾನು ಅಲ್ಲೇ ನಿಂತು ಅತ್ತೆ. ಚಳಿಗೆ ಕಣ್ಣು ಉರಿಯುತ್ತಿದೆ ಎಂದು ಅವನು ತಿಳಿದಿರಬೇಕು, ಟವೆಲಿನ ಒಣಗಿದ ತುದಿಯನ್ನು ಕೊಟ್ಟ. ಎರಡು ಮಾತು ಹೇಳಲು ಈ ವಯಸ್ಸಿನಲ್ಲಿ ಇವನು ಅಷ್ಟು ಹಿಮ ಅಗೆದ. ನನಗೆ ಬೇಕಿದ್ದದ್ದು ಒಂದು ಟ್ಯಾಕ್ಸಿ. ದುಬೈ ಮುಟ್ಟಿದ ಕೂಡಲೇ ಖತೀಜಮ್ಮನಿಗೆ ಎಲ್ಲವನ್ನೂ ಹೇಳಿಬಿಡಬೇಕು, ಬೈದರೆ ಬೈಸಿಕೊಳ್ಳಬೇಕು, ಮುಂದಿನ ವಾರವೇ ಮೊಂಬಾಸಾಕ್ಕೆ ಹೋಗಬೇಕು ಎಂದು ಬಸ್ಸಿನಲ್ಲಿ ಕೂತು ಮಾತುಗಳನ್ನೂ ಜೋಡಿಸಿಕೊಂಡೆ.

ಹೇಳಲೆಂದು ಹೋದ ಸಂಜೆ ಅವರ ಮನೆಯಲ್ಲಿ ನೆಂಟರಿದ್ದರು. ಅವರ ತಂಗಿ ವಿಸಿಟ್ ವೀಸಾದಲ್ಲಿ ಭಟ್ಕಳದಿಂದ ಬಂದಿದ್ದರು. "ಬಾ ಬಾ, ಇವಳೇ ಆ ಹುಡುಗಿ" ಎಂದು ಖತೀಜಮ್ಮ ನನ್ನನ್ನು ನಡುವೆ ಕೂರಿಸಿದರು. "ನೀನೇ ಹೇಳು, ಅವಳು ನಿನ್ನ ಬಾಯಿಂದ ಕೇಳಬೇಕಂತೆ." ತಂಗಿ ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಮರ, ಗೋಡೆ, ಗಾಳಿ ಎಲ್ಲವನ್ನೂ ಹೇಳಿದೆ. "ಹೂವಿನದು ಹೇಳೂದು ಬಿಟ್ಟೆ ನೀನು, ನೆಲದ ಮೇಲೆ ಹೂ ಇತ್ತಲ್ಲ" ಎಂದು ಖತೀಜಮ್ಮ ತಿದ್ದಿದರು. ಹೌದು, ಹೂವಿತ್ತು ಎಂದೆ.

ಅದಾದ ಮೇಲೆ ಧೈರ್ಯ ಬರಲೇ ಇಲ್ಲ. ಮರುವರ್ಷ ಸಾಹೇಬರು ಅಂಗಡಿ ಮುಚ್ಚಿದರು, ವೀಸಾ ರದ್ದಾಯಿತು, ನಾಲ್ಕನೆಯ ಮಹಡಿಯ ಕಾರಿಡಾರಿನಲ್ಲಿ ಪೆಟ್ಟಿಗೆಗಳು ಸಾಲಾಗಿ ನಿಂತವು. ಹೊರಡುವಾಗ ಲಿಫ್ಟಿನ ಒಳಗಿನಿಂದ ಖತೀಜಮ್ಮ ನನ್ನ ಗಲ್ಲ ಸವರಿ, "ನೀ ಮಾಡಿದ್ದು ನನ್ನ ಹೊಟ್ಟೇಲಿ ಹುಟ್ಟಿದೋರೂ ಮಾಡ್ಲಿಲ್ಲ ಮಗಾ" ಎಂದರು. ಆಗಲಾದರೂ ಹೇಳಬಹುದಿತ್ತು. ಲಿಫ್ಟಿನ ಬಾಗಿಲು ಮುಚ್ಚಿತು.

ಎರಡು ವರ್ಷದ ನಂತರ ಒಂದು ಬೆಳಗ್ಗೆ ಅಬುಧಾಬಿಯಲ್ಲಿರುವ ಅವರ ಮಗಳು ಶಬಾನಾಳ ಸಂದೇಶ ಬಂತು. ಉಮ್ಮಾ ಭಟ್ಕಳದಲ್ಲಿ ತೀರಿಕೊಂಡರು, ನಿಮಗೆ ತಿಳಿಸಬೇಕೆನಿಸಿತು ಎಂದಷ್ಟೇ ಇತ್ತು. ಆ ದಿನ ಆಸ್ಪತ್ರೆಯಲ್ಲಿ ಯಾರ ಕಾಲು ಎತ್ತಿಸಿದರೂ ಆರಕ್ಕೇ ನಿಲ್ಲಿಸಿಬಿಡುತ್ತಿದ್ದೆ.

ಕಳೆದ ತಿಂಗಳು ಮೊಂಬಾಸಾಕ್ಕೆ ಹೋದೆ. ಸಿಂಹವಿಲ್ಲ, ಡಾಲ್ಫಿನ್ ಇಲ್ಲ, ಜೊತೆಗೆ ಯಾರೂ ಇಲ್ಲ. ಹಳೇ ಪೇಟೆಯ ಮಸೀದಿ ಅರ್ಧ ಗಂಟೆಗೇ ಸಿಕ್ಕಿತು. ಅಷ್ಟು ಸುಲಭವಾಗಿ ಸಿಕ್ಕಿದ್ದೇ ಹೆಚ್ಚು ನೋಯಿಸಿತು. ಹಿಂದಿನ ಸ್ಮಶಾನವನ್ನು ನೋಡಿಕೊಳ್ಳುವ ಮುದುಕನಿಗೆ ಅಷ್ಟಿಷ್ಟು ಹಿಂದಿ ಬರುತ್ತಿತ್ತು. ಪರಊರಿನ ಬಡ ನೌಕರರನ್ನು ಆ ಮೂಲೆಯಲ್ಲಿ ಮಣ್ಣು ಮಾಡುತ್ತಿದ್ದರು, ಕಲ್ಲು ಇಟ್ಟಿಲ್ಲ, ಯಾರು ಎಲ್ಲಿ ಎಂದು ಹೇಳಲಾಗದು ಎಂದ. ಅಲ್ಲಿ ಮರವಿರಲಿಲ್ಲ. ಒಣ ಹುಲ್ಲು, ಕುಸಿದ ಗೋಡೆ, ಅದರಾಚೆ ಯಾರದೋ ಗ್ಯಾರೇಜು. "ಹೆಂಗಸರು ಒಳಗೆ ಹೋಗುವುದಿಲ್ಲ, ಇಲ್ಲಿಂದಲೇ ಹೇಳಮ್ಮ" ಎಂದು ಗೇಟಿನ ಬಳಿ ನನ್ನನ್ನು ನಿಲ್ಲಿಸಿದ.

ತಲೆಗೆ ದುಪಟ್ಟಾ ಹೊದ್ದು, ಕನ್ನಡದಲ್ಲೇ ಹೇಳಿದೆ. ಹಸನಣ್ಣ, ನಿಮ್ಮ ತಂಗಿ ಖತೀಜಾ ಸಲಾಂ ಹೇಳಿದ್ದಾರೆ. ತಂದವಳು ತಡಮಾಡಿದೆ.

ಮುದುಕನಿಗೆ ಕನ್ನಡ ಬಾರದು. ಸಲಾಂ ಎಂಬ ಒಂದು ಶಬ್ದ ಅವನ ಕಿವಿಗೆ ಬಿದ್ದಿರಬೇಕು. ಸತ್ತವರ ಪರವಾಗಿ ಎಂಬಂತೆ ಎದೆಯ ಮೇಲೆ ಕೈಯಿಟ್ಟು "ವಾಲೈಕುಮುಸ್ಸಲಾಂ" ಎಂದ.

ಹೋದ ವಾರ ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಗೆ ಕಾರು ಓಡಿಸಿಕೊಂಡು ಹೋಗಿ ಶಬಾನಾಳ ಎದುರು ಕುಳಿತು ಎಲ್ಲವನ್ನೂ ಹೇಳಿದೆ, ಮೊದಲಿನ ಸುಳ್ಳಿನಿಂದ ಕೊನೆಯ ಉತ್ತರದವರೆಗೆ. ಅವಳ ಮಕ್ಕಳು ಪಕ್ಕದ ಕೋಣೆಯಲ್ಲಿ ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದರು. ಅವಳು ಸಿಟ್ಟಾಗಲಿಲ್ಲ, ಎದ್ದು ಆ ಕೋಣೆಯ ಬಾಗಿಲು ಮುಚ್ಚಿ ಬಂದಳು. ಆಮೇಲೆ ಅಂದಳು: "ಉಮ್ಮಾ ದಿನಾ ನಮಾಜ್ ಆದ್ಮೇಲೆ ಹಸನ್ ಮಾಮುಗೆ ದುವಾ ಮಾಡ್ತಿದ್ರು ಅಕ್ಕಾ. ಅದಾದ್ಮೇಲೆ ನಿಮ್ಮ ಹೆಸರು ತಗೊಳ್ತಿದ್ರು. ಲಾಸ್ಟ್ ದಿನದ ತನಕ."

ಬಿರಿಯಾನಿಯ ವಾಸನೆ ಈಗ ಕಾರಿಡಾರಿನಲ್ಲಿ ಇಲ್ಲ, ಎದುರು ಮನೆಯವರ ಊಟ ಮುಗಿದಿರಬೇಕು. ನಾನು ಹಾಲು ಫ್ರಿಜ್ಜಿಗಿಟ್ಟು ಇದನ್ನು ಬರೆಯುತ್ತಾ ಕುಳಿತಿದ್ದೇನೆ. ಮಾಡದ ಕೆಲಸಕ್ಕಾಗಿ ಖತೀಜಮ್ಮ ನಾಲ್ಕು ವರ್ಷ ದಿನವೂ ನನ್ನ ಹೆಸರು ಹಿಡಿದು ಪ್ರಾರ್ಥಿಸಿದರು. ಕೆಲಸ ಮಾಡಿ, ಉತ್ತರ ತಂದು ನಿಂತಾಗ ಕೇಳಲು ಅವರಿಲ್ಲ.